ತಂತಿಯ ಆಚೆ ತುದಿ

ಎರಡು ವರ್ಷದ ಹಿಂದೆ ನಾನು ಅಳಿಸಿದ ಒಂದೇ ಒಂದು ಸಾಲು ಇಂದಿಗೂ ನನ್ನ ತಲೆಯಿಂದ ಹೋಗಿಲ್ಲ. ಹಳ್ಳಿಯ ಹಾಲಿನ ಡೇರಿಗಳಲ್ಲಿ ತೂಕದ ಯಂತ್ರ, ಫ್ಯಾಟ್ ಅಳೆಯುವ ಯಂತ್ರ, ಚೀಟಿ ಮುದ್ರಿಸುವ ಪ್ರಿಂಟರ್ ಇವುಗಳನ್ನು ಕಂಪ್ಯೂಟರಿಗೆ ಜೋಡಿಸುವ ತಂತ್ರಾಂಶವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಈ ಯಂತ್ರಗಳು ಕಂಪ್ಯೂಟರಿನ ಜೊತೆ ಮಾತನಾಡುವುದು ಸೀರಿಯಲ್ ಪೋರ್ಟ್ ಮೂಲಕ, ಎಂದರೆ ಬಿಟ್‌ಗಳನ್ನು (ಸೊನ್ನೆ ಮತ್ತು ಒಂದುಗಳನ್ನು) ತಂತಿಯ ಮೇಲೆ ಒಂದರ ಹಿಂದೊಂದು ಕಳಿಸುವ ಕಿಂಡಿಯ ಮೂಲಕ. ಲ್ಯಾಪ್‌ಟಾಪ್‌ಗಳಿಂದ ಆ ಒಂಬತ್ತು ಪಿನ್ನಿನ ಕಿಂಡಿ ಮಾಯವಾಗಿ ಎಷ್ಟೋ ವರ್ಷವಾಯಿತು. ಆದರೂ 1960ರಲ್ಲಿ ಮೊದಲು ಗೊತ್ತುಪಡಿಸಿದ ಆರ್‌ಎಸ್-232 ಎಂಬ ಕ್ರಮವನ್ನು ತೂಕದ ಯಂತ್ರಗಳು ಬಿಟ್ಟುಕೊಟ್ಟಿಲ್ಲ. ನಡುವೆ ಒಂದು ಯುಎಸ್‌ಬಿ ಪರಿವರ್ತಕ ಸೇರಿಕೊಂಡಿದೆ, ಅಷ್ಟೆ.

ನಮ್ಮ ತಂತ್ರಾಂಶದಲ್ಲಿ ಸೀರಿಯಲ್ ಪೋರ್ಟಿನ ವ್ಯವಹಾರವನ್ನೆಲ್ಲ ಹೊತ್ತುಕೊಂಡ ಒಂದು ಕ್ಲಾಸ್, ಎಂದರೆ ಒಂದೇ ಕೆಲಸಕ್ಕೆ ಸೇರಿದ ಕೋಡ್‌ನ ಕಟ್ಟು, ಇದೆ. ನನ್ನ ಕೈಗೆ ಬಂದಾಗ ಅದು ಸುಮಾರು 1,400 ಸಾಲುಗಳಷ್ಟಿತ್ತು. ಮೊದಲು ಬರೆದವರು ವಿಂಡೋಸ್‌ಗೆ ಮುಂಚಿನ ಡಾಸ್ ಕಾಲದಲ್ಲಿ ಸಿ ಭಾಷೆಯಲ್ಲಿ ಬರೆದಿದ್ದರು, ಆಮೇಲೆ ಬಂದವರು ವಿಂಡೋಸ್‌ಗೆ ಒಗ್ಗಿಸಿದರು, ಅವರ ನಂತರದವರು ಸಿ ಶಾರ್ಪ್‌ಗೆ ತಂದರು. ಮನೆ ಬದಲಿಸುವವರು ಅಟ್ಟದ ಮೇಲಿನ ಗಂಟನ್ನು ಬಿಚ್ಚಿ ನೋಡದೆ ಹೊಸ ಮನೆಯ ಅಟ್ಟಕ್ಕೆ ಏರಿಸುವಂತೆ, ಪ್ರತಿ ಸಲವೂ ಇದ್ದದ್ದೆಲ್ಲವನ್ನೂ ಹೊತ್ತು ತಂದಿದ್ದರು. ಅದರಲ್ಲಿ ದಿನವೂ ನಿಜವಾಗಿ ನಡೆಯುವುದು ಹೆಚ್ಚೆಂದರೆ 300 ಸಾಲು ಎಂದು ತಿಳಿದ ಮೇಲೆ, ಉಳಿದದ್ದನ್ನು ತೆಗೆದುಹಾಕಲು ತೀರ್ಮಾನಿಸಿದೆ. ಆ ತೀರ್ಮಾನ ಸರಿಯಾಗಿತ್ತು ಎಂದು ಈಗಲೂ ನಂಬಿದ್ದೇನೆ. ತೆಗೆದ ಕ್ರಮ ಸರಿಯಿರಲಿಲ್ಲ.

ಅಟ್ಟದ ಮೇಲಿದ್ದ ಸಾಮಾನು

ಮೊದಲು ಕಣ್ಣಿಗೆ ಬಿದ್ದದ್ದು ಮೋಡೆಮ್ಮಿನ ಭಾಗ. ಒಂದು ಕಾಲದಲ್ಲಿ ಡೇರಿಯ ಕಂಪ್ಯೂಟರ್ ಸಂಜೆಯ ಲೆಕ್ಕವನ್ನು ದೂರವಾಣಿಯ ತಂತಿಯ ಮೇಲೆ ಕಳಿಸುತ್ತಿತ್ತು. ಸಂಖ್ಯೆ ಒತ್ತುವ ಆದೇಶ, ಕರೆ ಬಂದಾಗ ಒಂಬತ್ತನೆಯ ಪಿನ್ನಿನಲ್ಲಿ ಕಾಣುವ ರಿಂಗ್ ಸಂಕೇತವನ್ನು ಕಾಯುವ ಲೂಪ್, ಮಾತು ಮುಗಿಸಲು ಮೂರು ಕೂಡಿಸುವ ಚಿಹ್ನೆಗಳನ್ನು ಕಳಿಸಿ ಅವುಗಳ ಹಿಂದೆ ಒಂದು ಸೆಕೆಂಡು, ಮುಂದೆ ಒಂದು ಸೆಕೆಂಡು ಮೌನವಾಗಿರುವ ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡ್‌ನ ತುಂಡು), ಇವೆಲ್ಲ ಸೇರಿ 400 ಸಾಲುಗಳ ಮೇಲಿದ್ದವು. ಅದನ್ನು ಬರೆದವರ ಶ್ರದ್ಧೆ ಸಾಲುಸಾಲಿನಲ್ಲೂ ಕಾಣುತ್ತಿತ್ತು. ಆದರೆ ನಮ್ಮ ಯಾವ ಡೇರಿಯಲ್ಲೂ ಈಗ ಮೋಡೆಮ್ ಇಲ್ಲ. ಅದರ ಪಕ್ಕದಲ್ಲೇ ಡಾಸ್ ಕಾಲದ ವಿಳಾಸಗಳ ಒಂದು ಪಟ್ಟಿ ಇತ್ತು: ಮೊದಲನೆಯ ಪೋರ್ಟಿಗೆ 3ಎಫ್8, ಎರಡನೆಯದಕ್ಕೆ 2ಎಫ್8, ಮೂರನೆಯದಕ್ಕೆ 3ಇ8, ನಾಲ್ಕನೆಯದಕ್ಕೆ 2ಇ8. ಹಳೆಯ ಪಿಸಿಯನ್ನು ಬಿಚ್ಚಿ ಕಾರ್ಡು ಕೂರಿಸಿ ಅನುಭವವಿದ್ದವರಿಗೆ ಈ ಸಂಖ್ಯೆಗಳು ಬಾಯಿಪಾಠ. ವಿಂಡೋಸ್ ಬಂದಮೇಲೆ ಸಾಮಾನ್ಯ ತಂತ್ರಾಂಶ ಆ ವಿಳಾಸಗಳನ್ನು ನೇರವಾಗಿ ಮುಟ್ಟುವ ಪ್ರಶ್ನೆಯೇ ಇಲ್ಲ.

ಇಂಥದ್ದು ಇದ್ದರೆ ಇರಲಿ, ಅದರಿಂದೇನು ನಷ್ಟ ಎಂದು ಕೇಳುವ ಸಹೋದ್ಯೋಗಿಗಳು ನನಗೂ ಇದ್ದಾರೆ. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿದೆ, ಯಾರೂ ಕರೆಯದ ಫಂಕ್ಷನ್‌ನಿಂದ ವೇಗವೂ ಕುಗ್ಗುವುದಿಲ್ಲ ಎನ್ನುವುದು ನಿಜ. ಆದರೆ ಅದರ ಬೆಲೆಯನ್ನು ತೆರುವುದು ಯಂತ್ರವಲ್ಲ, ಓದುವವರು. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಂದು ಚಿಕ್ಕ ದೋಷವನ್ನು ಹುಡುಕುತ್ತ ಆ ಮೋಡೆಮ್ ಲೂಪಿನಲ್ಲಿ ಮೂರು ದಿನ ಕಳೆದಳು. ಕೋಡ್‌ನಲ್ಲಿ ಬರೆದಿದೆ ಎಂದಮೇಲೆ ಅದಕ್ಕೊಂದು ಕೆಲಸ ಇದ್ದೇ ಇರಬೇಕು ಎಂದು ಅವಳು ನಂಬಿದಳು. ಆ ನಂಬಿಕೆಯಲ್ಲಿ ತಪ್ಪಿಲ್ಲ. ಅದನ್ನು ಉಳಿಸಿಕೊಡುವುದು ನಮ್ಮ ಹೊಣೆಯಾಗಿತ್ತು.

ಇದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಆ ಕ್ಲಾಸ್‌ನಲ್ಲಿ ಎಕ್ಸ್‌ಆನ್-ಎಕ್ಸ್‌ಆಫ್ ಎಂಬ ತಡೆಯ ವ್ಯವಸ್ಥೆಯೂ ಇತ್ತು. ಯಾರೂ ಅದನ್ನು ಆನ್ ಮಾಡಿರಲಿಲ್ಲ, ಆದರೆ ಆನ್ ಮಾಡುವ ಆಯ್ಕೆ ಮಾತ್ರ ಸೆಟ್ಟಿಂಗ್ಸ್ ಪರದೆಯವರೆಗೂ ಬಂದು ಕೂತಿತ್ತು. ಈ ಕ್ರಮದಲ್ಲಿ 19 ಎಂಬ ಬೈಟ್ (ಎಂಟು ಬಿಟ್‌ಗಳ ಒಂದು ಕಟ್ಟು) ಬಂದರೆ 'ಕಳಿಸುವುದನ್ನು ನಿಲ್ಲಿಸು' ಎಂದೂ 17 ಬಂದರೆ 'ಮುಂದುವರಿಸು' ಎಂದೂ ಅರ್ಥ. ಅಕ್ಷರಗಳನ್ನಷ್ಟೇ ಕಳಿಸುವ ಯಂತ್ರಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ನಾವು ಬಳಸುವ ಫ್ಯಾಟ್ ಯಂತ್ರವೊಂದು ಪ್ರತಿ ಸಂದೇಶದ ಕೊನೆಗೆ ಎಲ್ಲ ಬೈಟ್‌ಗಳ ಮೊತ್ತದಿಂದ ತೆಗೆದ ತಾಳೆಯ ಬೈಟ್ ಒಂದನ್ನು ಸೇರಿಸುತ್ತದೆ, ಅದು 0ಯಿಂದ 255ರವರೆಗೆ ಏನು ಬೇಕಾದರೂ ಆಗಬಹುದು. ಯಾವನೋ ಒಬ್ಬ ತಂತ್ರಜ್ಞ ಆ ಆಯ್ಕೆಗೆ ಗುರುತು ಹಾಕಿದ ದಿನ, ತಾಳೆಯ ಬೈಟ್ 19 ಆದಾಗ ಕಂಪ್ಯೂಟರ್ ಅದನ್ನು ನುಂಗಿ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಯಾವಾಗಲೋ ಒಮ್ಮೆ ಆಗುವ, ಕಾರಣವೇ ಕಾಣದ ತೊಂದರೆ ಅದು. ಬಳಸದ ಕೋಡ್ ಎಂದರೆ ಪರೀಕ್ಷೆಯಾಗದ, ಆದರೆ ಬಾಗಿಲು ತೆರೆದೇ ಇರುವ ಕೋಡ್.

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಹಾರಿದ ಏರಿಯಾನ್-5 ರಾಕೆಟ್ ಒಂದು ನಿಮಿಷ ತುಂಬುವ ಮೊದಲೇ ಆಕಾಶದಲ್ಲಿ ಚೂರಾದದ್ದು ನಮ್ಮ ವೃತ್ತಿಯವರಿಗೆಲ್ಲ ಗೊತ್ತಿರುವ ಸಂಗತಿ. ದೊಡ್ಡ ಸಂಖ್ಯೆಯನ್ನು 16 ಬಿಟ್‌ಗಳಲ್ಲಿ ಹಿಡಿಸಲು ಹೋಗಿ ಹಾಗಾಯಿತು ಎಂದು ಪಾಠಗಳಲ್ಲಿ ಹೇಳುತ್ತಾರೆ. ಹಾಗೆ ಹೇಳುವಾಗ ಹೆಚ್ಚಿನವರು ಬಿಟ್ಟುಬಿಡುವ ಮಾತೇ ನನಗೆ ಮುಖ್ಯ: ಆ ಲೆಕ್ಕವನ್ನು ಮಾಡುತ್ತಿದ್ದ ಭಾಗಕ್ಕೆ ನೆಲ ಬಿಟ್ಟ ಮೇಲೆ ಏರಿಯಾನ್-5ರಲ್ಲಿ ಯಾವ ಕೆಲಸವೂ ಇರಲಿಲ್ಲ. ಅದು ಏರಿಯಾನ್-4ರ ಅಗತ್ಯಕ್ಕೆಂದು ಬರೆದದ್ದು, ಹಾರಾಟ ಶುರುವಾದ ಮೇಲೂ ಸುಮಾರು 40 ಸೆಕೆಂಡು ನಡೆಯುತ್ತಿತ್ತು. ಚೆನ್ನಾಗಿ ನಡೆಯುತ್ತಿರುವುದನ್ನು ಏಕೆ ಮುಟ್ಟಬೇಕು ಎಂಬ ಎಚ್ಚರದಿಂದಲೇ ಅದನ್ನು ಉಳಿಸಿಕೊಂಡಿರಬೇಕು ಎಂದು ತನಿಖಾ ಮಂಡಳಿ ಬರೆಯಿತು. 'ಇದ್ದರೆ ಇರಲಿ' ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಆ ವರದಿ ನೆನಪಾಗುತ್ತದೆ.

ಹೀಗೆಲ್ಲ ಗಟ್ಟಿಯಾಗಿ ನಂಬಿಕೊಂಡೇ ಅಳಿಸಲು ಕೂತೆ. ನಾನು ಬಳಸುವ ಎಡಿಟರ್ ಪ್ರತಿ ಫಂಕ್ಷನ್‌ನ ನೆತ್ತಿಯ ಮೇಲೆ, ಅದನ್ನು ಎಷ್ಟು ಕಡೆಯಿಂದ ಕರೆಯಲಾಗಿದೆ ಎಂಬುದನ್ನು ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ತೋರಿಸುತ್ತದೆ. ಸೊನ್ನೆ ಎಂದಿದ್ದದ್ದನ್ನೆಲ್ಲ ತೆಗೆಯುತ್ತ ಹೋದೆ. ಮೋಡೆಮ್ ಹೋಯಿತು, ವಿಳಾಸಗಳ ಪಟ್ಟಿ ಹೋಯಿತು, ಎಕ್ಸ್‌ಆನ್ ಹೋಯಿತು. ಪೋರ್ಟನ್ನು ತೆರೆಯುವ ಫಂಕ್ಷನ್‌ಗೆ ನಾಲ್ಕು ರೂಪಗಳಿದ್ದವು. ಪ್ಯಾರಿಟಿ (ತಪ್ಪು ಹಿಡಿಯಲೆಂದು ಸೇರಿಸುವ ಗುರುತಿನ ಬಿಟ್) ಮತ್ತು ಬಿಟ್‌ಗಳ ಸಂಖ್ಯೆಯನ್ನು ಕೇಳುವ ರೂಪಗಳನ್ನು ಯಾರೂ ಕರೆಯುತ್ತಿರಲಿಲ್ಲ, ಎಲ್ಲರೂ 9600 ವೇಗ, ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್ ಎಂಬ ರೂಢಿಯ ರೂಪವನ್ನೇ ಬಳಸುತ್ತಿದ್ದರು. ಅವೂ ಹೋದವು. ಕೈ ಬಿಸಿಯಾಗಿತ್ತು. ಆಗ, ತೂಕದ ಯಂತ್ರದಿಂದ ಬಂದ ಬೈಟನ್ನು ಓದುವ ಲೂಪಿನೊಳಗೆ ಒಂದು ಸಾಲು ಕಂಡಿತು: ಪ್ರತಿ ಬೈಟನ್ನೂ 127ರೊಂದಿಗೆ 'ಆಂಡ್' ಮಾಡುವ ಸಾಲು. ಎಂದರೆ, ಎಂಟನೆಯ ಬಿಟ್ ಏನೇ ಇರಲಿ ಅದನ್ನು ಸೊನ್ನೆ ಮಾಡುವುದು. ತೂಕದ ಯಂತ್ರ ಕಳಿಸುವುದು, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಆಸ್ಕಿ ಕ್ರಮದ ಅಂಕೆಗಳನ್ನು, ಆಸ್ಕಿಯಲ್ಲಿ ಇರುವುದೇ ಏಳು ಬಿಟ್, ಎಂಟನೆಯದು ಹೇಗೂ ಸೊನ್ನೆಯೇ. ಕಚೇರಿಯ ಮೇಜಿನ ಮೇಲಿದ್ದ ಯಂತ್ರದಲ್ಲಿ ಆ ಸಾಲು ಇದ್ದರೂ ಇಲ್ಲದಿದ್ದರೂ ಒಂದೇ ಉತ್ತರ ಬಂತು. ಹಳೆಯ ದಾಖಲೆ ಹುಡುಕಿದರೆ, ಕೋಡ್‌ನ ಪ್ರತಿ ಬದಲಾವಣೆಯನ್ನೂ ಒಂದು ಕಮಿಟ್ ಎಂದು ದಾಖಲಿಸಿಡುವ ಗಿಟ್‌ನಲ್ಲಿ ಆ ಸಾಲು ಮೊಟ್ಟಮೊದಲ ಕಮಿಟ್‌ನಲ್ಲೇ ಇತ್ತು, ಅದರ ಹಿಂದಿನದು ಯಾವುದೂ ಉಳಿದಿರಲಿಲ್ಲ. ಟಿಪ್ಪಣಿಯೂ ಇರಲಿಲ್ಲ. ಅಳಿಸಿದೆ.

ಆ ಬೆಳಗ್ಗೆ

ಹೊಸ ಆವೃತ್ತಿಯನ್ನು ಮೊದಲು ಹಾಕಿದ ಡೇರಿಗಳಲ್ಲಿ ಒಂದು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿತ್ತು. ನಾನೇ ಹೋಗಿದ್ದೆ. ಬೆಳಗ್ಗೆ ಆರಕ್ಕೆಲ್ಲ ಜನ ಕ್ಯಾನು, ತಂಬಿಗೆ, ಸ್ಟೀಲ್ ಬಕೆಟ್ ಹಿಡಿದು ಸಾಲು ನಿಂತಿದ್ದರು. ಮೊದಲು ಬಂದವರ ಹಾಲು 6.50, ಚೀಟಿಯಲ್ಲೂ 6.50. ಎರಡನೆಯವರದು 3.95, ಚೀಟಿಯಲ್ಲೂ ಅಷ್ಟೇ. ನಾನು ನೆಮ್ಮದಿಯಿಂದ ಕಾಫಿ ಲೋಟ ಕೈಗೆತ್ತಿಕೊಂಡೆ. ಮೂರನೆಯವರು ವಯಸ್ಸಾದ ಒಬ್ಬ ಹೆಂಗಸು. ತೂಕದ ಯಂತ್ರದ ಕೆಂಪು ಅಂಕೆಗಳು 4.35 ಎಂದು ತೋರಿಸಿದವು. ಚೀಟಿ 0.35 ಎಂದು ಬಂತು.

"ಇದೇನು ಸಾಮಿ, ನಾಕೂ ಚಿಲ್ರೆ ಹಾಕಿವ್ನಿ, ಚೀಟೀಲಿ ಸೊನ್ನೆ ಬಂದೈತಲ್ಲ?" ಎಂದು ಆಕೆ ಚೀಟಿಯನ್ನು ನನ್ನ ಮುಂದೆ ಹಿಡಿದರು. ಧ್ವನಿಯಲ್ಲಿ ಕೋಪವಿರಲಿಲ್ಲ. ಹಾಗಾಗಿದ್ದರಿಂದಲೇ ನನಗೆ ಹೆಚ್ಚು ಕಷ್ಟವಾಯಿತು. ತಂತಿ ಸಡಿಲವಾಗಿರಬೇಕೆಂದು ಕಿತ್ತು ಮತ್ತೆ ಸಿಕ್ಕಿಸಿದೆ. ಮುಂದಿನವರದು 7.20, ಚೀಟಿಯಲ್ಲಿ 0.00. ಅವರ ಹಿಂದಿನವರದು 5.60, ಅದು ಸರಿಯಾಗಿಯೇ ಬಂತು. ಅಷ್ಟು ಹೊತ್ತಿಗೆ ಸಾಲಿನಲ್ಲಿ ಗುಸುಗುಸು ಶುರುವಾಗಿತ್ತು. ಕಾರ್ಯದರ್ಶಿಗಳು ಎದ್ದು, "ಕಂಪ್ಯೂಟರ್ ಆಮೇಲೆ ನೋಡ್ಕೊಳ್ಳಿ ಸಾರ್, ಹಾಲು ಕಾಯಲ್ಲ" ಎಂದು ಹೇಳಿ, ಬೀರುವಿನಿಂದ ರಿಜಿಸ್ಟರ್ ತೆಗೆದು ಕೆಂಪು ಅಂಕೆಗಳನ್ನು ನೋಡಿ ನೋಡಿ ಕೈಯಲ್ಲಿ ಬರೆಯತೊಡಗಿದರು. ಅವರ ಆ ಎಚ್ಚರದಿಂದ ಯಾರಿಗೂ ಒಂದು ರೂಪಾಯಿಯ ನಷ್ಟವಾಗಲಿಲ್ಲ. ತೂಕದ ಯಂತ್ರಕ್ಕೆ ಸ್ವಂತ ಅಂಕೆಗಳ ಫಲಕ ಇಲ್ಲದೆ ಹೋಗಿದ್ದರೆ, ಆ ಹೆಂಗಸು ಚೀಟಿಯನ್ನು ನೋಡದೆ ಸೆರಗಿಗೆ ಕಟ್ಟಿಕೊಂಡು ಹೋಗಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು, ಬರುತ್ತಿದ್ದ ಬೈಟ್‌ಗಳನ್ನು ಇದ್ದದ್ದಿದ್ದಂತೆ ತೋರಿಸುವ ಚಿಕ್ಕ ಪ್ರೋಗ್ರಾಮ್ ಒಂದನ್ನು ನಡೆಸಿದೆ. ಕಾರ್ಯದರ್ಶಿಗಳು ಬರೆಯುತ್ತಿದ್ದ ತೂಕವನ್ನೂ ಪರದೆಯ ಮೇಲೆ ಬರುತ್ತಿದ್ದ ಸಂಖ್ಯೆಗಳನ್ನೂ ಒಂದರ ಪಕ್ಕ ಒಂದು ಬರೆದುಕೊಂಡೆ. 0, 3, 5, 6, 9 ಈ ಅಂಕೆಗಳು ಸರಿಯಾಗಿ ಬರುತ್ತಿದ್ದವು. 1, 2, 4, 7, 8 ಮಾತ್ರ ಬೇರೆ ಏನೋ ಆಗಿ ಬರುತ್ತಿದ್ದವು. 4ರ ಆಸ್ಕಿ ಸಂಖ್ಯೆ 52, ಬರುತ್ತಿದ್ದದ್ದು 180. 7 ಎಂದರೆ 55, ಬರುತ್ತಿದ್ದದ್ದು 183. ಎರಡರಲ್ಲೂ ವ್ಯತ್ಯಾಸ 128, ಎಂದರೆ ಎಂಟನೆಯ ಬಿಟ್. ಪೆನ್ನು ಅಲ್ಲೇ ನಿಂತಿತು.

ಆ ಡೇರಿಯಲ್ಲಿದ್ದದ್ದು ಹಳೆಯ ತೂಕದ ಯಂತ್ರ. ಅದು ಪ್ರತಿ ಅಕ್ಷರವನ್ನು ಏಳು ಬಿಟ್‌ಗಳಲ್ಲಿ ಕಳಿಸಿ, ಎಂಟನೆಯ ಜಾಗದಲ್ಲಿ ಸರಿಸಂಖ್ಯೆಯ ಪ್ಯಾರಿಟಿ ಬಿಟ್ ಸೇರಿಸುತ್ತಿತ್ತು: ಒಂದುಗಳ ಎಣಿಕೆ ಬೆಸವಾಗಿದ್ದರೆ ಇನ್ನೊಂದು ಒಂದನ್ನು ಸೇರಿಸಿ ಸರಿ ಮಾಡುವುದು. 4 ಎಂದರೆ 0110100, ಮೂರು ಒಂದುಗಳು, ಆದ್ದರಿಂದ ಪ್ಯಾರಿಟಿ ಒಂದು. 6 ಎಂದರೆ 0110110, ನಾಲ್ಕು ಒಂದುಗಳು, ಪ್ಯಾರಿಟಿ ಸೊನ್ನೆ. ಏಳು ಬಿಟ್ ಮತ್ತು ಒಂದು ಪ್ಯಾರಿಟಿ ಸೇರಿದರೂ ಎಂಟೇ, ಪ್ಯಾರಿಟಿ ಇಲ್ಲದ ಎಂಟು ಬಿಟ್ ಆದರೂ ಎಂಟೇ. ಅಕ್ಷರದ ಆರಂಭ, ಅಂತ್ಯವನ್ನು ತಿಳಿಸುವ ಸ್ಟಾರ್ಟ್, ಸ್ಟಾಪ್ ಬಿಟ್‌ಗಳು ಸೇರಿ ಎರಡರಲ್ಲೂ ಹತ್ತು. ತಂತಿಯ ಮೇಲೆ ಎರಡೂ ಒಂದೇ ಉದ್ದ. ಹಾಗಾಗಿ ನಮ್ಮ ಕಡೆಯಿಂದ ಪೋರ್ಟನ್ನು ತಪ್ಪು ಕ್ರಮದಲ್ಲಿ ತೆರೆದಿದ್ದರೂ ಯಾವ ದೋಷವೂ ಕಾಣದೆ, ಅಂಕೆಗಳಲ್ಲಿ ಅರ್ಧ ಮಾತ್ರ ವೇಷ ಬದಲಿಸಿಕೊಂಡು ಬರುತ್ತಿದ್ದವು. 127ರ ಆ ಸಾಲು ಇಷ್ಟು ವರ್ಷ ಆ ವೇಷವನ್ನು ಕಳಚುತ್ತ ಕೂತಿತ್ತು.

ತಪ್ಪಿನಲ್ಲಿ ಇನ್ನೊಂದು ಪಾಲುದಾರ ಸಾಲೂ ಇತ್ತು. ತೂಕದ ಜೊತೆ ಬರುವ ಖಾಲಿ ಜಾಗ, ಕೆಜಿ ಎಂಬ ಅಕ್ಷರಗಳು ಇವನ್ನೆಲ್ಲ ತೆಗೆಯಲು, ಅಂಕೆ ಮತ್ತು ಬಿಂದುವನ್ನು ಬಿಟ್ಟು ಉಳಿದದ್ದನ್ನೆಲ್ಲ ಎಸೆಯುವ ಒಂದು ಸಾಲನ್ನು ಯಾರೋ ಬರೆದಿದ್ದರು. 180 ಅಂಕೆಯಲ್ಲ, ಆದ್ದರಿಂದ ಅದನ್ನು ಎಸೆದು 04.35ನ್ನು 0.35 ಮಾಡಿತು. ಗೊತ್ತಿಲ್ಲದ್ದು ಬಂದಾಗ 'ಇದು ನನಗೆ ತಿಳಿಯಲಿಲ್ಲ' ಎಂದು ಇಡೀ ಸಂದೇಶವನ್ನು ಹಿಂದಿರುಗಿಸಬೇಕಾಗಿತ್ತು. ಅದು ತಿಳಿದಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ಮುಚ್ಚಿಟ್ಟಿತು. ರೈತರ ಹಾಲಿನ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟ ನಡತೆ ಇನ್ನೊಂದಿಲ್ಲ.

ಬಳಕೆ ಎಂದರೇನು

ಕಾರು ಮತ್ತು ಇತರ ಯಂತ್ರಗಳೊಳಗೆ ಕೂರುವ ತಂತ್ರಾಂಶವನ್ನು ಬರೆಯುವವರು ಪಾಲಿಸುವ ಮಿಸ್ರಾ ಸಿ ಎಂಬ ನಿಯಮಾವಳಿಯ 2012ರ ಆವೃತ್ತಿ ಇಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸುತ್ತದೆ. ಎಂದೂ ತಲುಪಲಾಗದ ಕೋಡ್ ಒಂದು ಬಗೆ. ನಡೆಯುತ್ತದೆ, ಆದರೆ ತೆಗೆದರೂ ಪ್ರೋಗ್ರಾಮಿನ ನಡತೆ ಬದಲಾಗುವುದಿಲ್ಲ ಎಂಬಂಥ ಸತ್ತ ಕೋಡ್ ಇನ್ನೊಂದು ಬಗೆ. ಎರಡೂ ಇರಬಾರದು ಎನ್ನುತ್ತದೆ ನಿಯಮ. ಮೊದಲನೆಯದನ್ನು ಕೋಡ್ ಓದಿಯೇ ತೀರ್ಮಾನಿಸಬಹುದು. ಮೋಡೆಮ್ಮಿನ ಭಾಗ ಆ ಬಗೆಯದು, ಅದನ್ನು ಅಳಿಸಿದ್ದಕ್ಕೆ ನಾನು ಒಂದು ಕ್ಷಣವೂ ಪಶ್ಚಾತ್ತಾಪಪಟ್ಟಿಲ್ಲ. ಎರಡನೆಯದನ್ನು ತೀರ್ಮಾನಿಸಲು ಒಳಗೆ ಏನು ಬರುತ್ತದೆ ಎಂಬುದು ಗೊತ್ತಿರಬೇಕು. ಸೀರಿಯಲ್ ಪೋರ್ಟಿನ ಕ್ಲಾಸ್‌ಗೆ ಒಳಗೆ ಬರುವುದು ತಂತಿಯಿಂದ, ಆ ತಂತಿಯ ಆಚೆ ತುದಿ ಯಾವ ಎಡಿಟರಿನಲ್ಲೂ ಕಾಣುವುದಿಲ್ಲ. ನಾನು ಮೇಜಿನ ಮೇಲಿದ್ದ ಒಂದು ಯಂತ್ರವನ್ನು ನೋಡಿ ನೂರಾರು ಯಂತ್ರಗಳ ಪರವಾಗಿ ತೀರ್ಪು ಕೊಟ್ಟಿದ್ದೆ.

ಇನ್ನೊಂದು ಮಾತು ತಿಳಿದದ್ದು ಆ ವಾರದ ಕೊನೆಗೆ. 127ರ ಸಾಲನ್ನು ಮರಳಿ ಹಾಕಿದ್ದರೆ ಕೆಲಸ ಆಗುತ್ತಿತ್ತು, ತುರ್ತಿಗೆ ಅದನ್ನೇ ಮಾಡಿದೆ ಕೂಡ. ಆದರೆ ಆ ಸಾಲು ಪ್ಯಾರಿಟಿಯನ್ನು ಕಿತ್ತೆಸೆಯುತ್ತದೆಯೇ ಹೊರತು ಅದನ್ನು ಪರೀಕ್ಷಿಸುವುದಿಲ್ಲ. ಮಳೆಗಾಲದಲ್ಲಿ ತಂತಿಯ ಮೇಲೆ ಒಂದು ಬಿಟ್ ಕೆಟ್ಟರೆ ಅದನ್ನು ಹಿಡಿಯಲೆಂದೇ ಯಂತ್ರ ಕಳಿಸುತ್ತಿದ್ದ ಗುರುತನ್ನು ನಾವು ಇಷ್ಟು ವರ್ಷ ನೋಡದೆ ಎಸೆಯುತ್ತಿದ್ದೆವು. ಸರಿಯಾದ ದಾರಿಯೆಂದರೆ ಆ ಡೇರಿಯಲ್ಲಿ ಪೋರ್ಟನ್ನೇ ಏಳು ಬಿಟ್, ಸರಿ ಪ್ಯಾರಿಟಿ ಎಂದು ತೆರೆಯುವುದು. ಅದಕ್ಕೆ ಬೇಕಾದ ಫಂಕ್ಷನ್ ಆ ಕ್ಲಾಸ್‌ನಲ್ಲೇ ಇತ್ತು, ಮೊದಲು ಬರೆದವರು ಬರೆದಿಟ್ಟಿದ್ದರು. ನಡುವೆ ಬಂದವರು ಯಾರೋ ಅದನ್ನು ಕರೆಯುವ ಬದಲು 127ರ ಸಾಲಿನಿಂದ ಕೆಲಸ ಸಾಗಿಸಿದ್ದರು. ಸೊನ್ನೆ ಬಾರಿ ಕರೆಯಲಾಗಿದೆ ಎಂದು ನಾನು ಅಳಿಸಿದ್ದು ಅದೇ ಫಂಕ್ಷನ್. ಅದನ್ನು ಗಿಟ್‌ನಿಂದ ಹೊರತೆಗೆದು, ಪ್ರತಿ ಡೇರಿಗೂ ಬಿಟ್‌ಗಳನ್ನೂ ಪ್ಯಾರಿಟಿಯನ್ನೂ ಬೇರೆಯಾಗಿ ಗೊತ್ತುಮಾಡುವ ಜಾಗ ಮಾಡಿದೆ. ಈಗ ಪ್ಯಾರಿಟಿ ತಪ್ಪಿದ ಬೈಟಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ, ಅದು ಬಂದ ಸಂದೇಶವನ್ನು ಇಡಿಯಾಗಿ ತಿರಸ್ಕರಿಸಿ ಮುಂದಿನದಕ್ಕೆ ಕಾಯುತ್ತೇವೆ. ತೂಕದ ಯಂತ್ರ ಒಂದೇ ಸಮನೆ ಕಳಿಸುತ್ತಲೇ ಇರುವುದರಿಂದ ಯಾರಿಗೂ ಕಾದದ್ದು ಗೊತ್ತಾಗುವುದಿಲ್ಲ. ಎಲ್ಲ ಡೇರಿಗಳ ಯಂತ್ರಗಳ ಪಟ್ಟಿ ತರಿಸಿ, ಇದೇ ಬಗೆಯ ಹಳೆಯ ಯಂತ್ರಗಳು ಇನ್ನೂ ಎಲ್ಲೆಲ್ಲಿವೆ ಎಂದು ನೋಡಿ ಅಲ್ಲೆಲ್ಲ ಸೆಟ್ಟಿಂಗ್ ಬದಲಿಸಿದ ಮೇಲೆ, ಐದು ತಿಂಗಳ ನಂತರ, 127ರ ಸಾಲನ್ನು ಎರಡನೆಯ ಸಲ ಅಳಿಸಿದೆ. ಕಮಿಟ್‌ನ ಟಿಪ್ಪಣಿ ಒಂದು ಪುಟವಾಯಿತು.

ಡಬ್ಬಿಗೆ ಕರೆಂಟು ಎಲ್ಲಿಂದ

ಆಮೇಲಿನಿಂದ ಅಳಿಸುವ ಮುನ್ನ ಊರೂರು ಸುತ್ತುವ ನಮ್ಮ ಸರ್ವಿಸ್ ತಂತ್ರಜ್ಞರನ್ನು ಕೇಳುವುದನ್ನು ರೂಢಿ ಮಾಡಿಕೊಂಡೆ. ಪೋರ್ಟ್ ತೆರೆದ ಕೂಡಲೇ, 'ನಾನು ಸಿದ್ಧ', 'ಕಳಿಸಲೇ' ಎಂಬ ಸಂಕೇತ ಕೊಡುವ ಡಿಟಿಆರ್ ಮತ್ತು ಆರ್‌ಟಿಎಸ್ ಎಂಬ ಎರಡು ತಂತಿಗಳನ್ನು ಮೇಲೆತ್ತುವ, ಎಂದರೆ ಅವುಗಳ ವೋಲ್ಟೇಜ್ ಏರಿಸುವ, ಎರಡು ಸಾಲುಗಳಿದ್ದವು. ನಾವು ಹಾಕುವ ಕೇಬಲ್‌ಗಳಲ್ಲಿ ಇರುವುದೇ ಮೂರು ತಂತಿ, ಎರಡು, ಮೂರು ಮತ್ತು ಐದನೆಯ ಪಿನ್ನಿನವು. ಡಿಟಿಆರ್ ಇರುವ ನಾಲ್ಕನೆಯ ಪಿನ್ನಿಗಾಗಲಿ, ಆರ್‌ಟಿಎಸ್ ಇರುವ ಏಳನೆಯ ಪಿನ್ನಿಗಾಗಲಿ ಏನೂ ಸೇರಿಲ್ಲ. ತೆಗೆಯಬಹುದಲ್ಲವೇ ಎಂದು ಒಬ್ಬರನ್ನು ಫೋನಿನಲ್ಲಿ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಲು ಅಳೆಯೋ ಜಾಗ ಒಂದು ಕಡೆ, ಆಫೀಸ್ ರೂಮ್ ಇನ್ನೊಂದು ಕಡೆ ಇರೋ ಡೇರಿಗಳಲ್ಲಿ ಒಂದು ಡಬ್ಬಿ ಹಾಕಿದೀವಲ್ಲ ಸಾರ್, ಅದಕ್ಕೆ ಕರೆಂಟು ಎಲ್ಲಿಂದ ಬರುತ್ತೆ ಅಂದ್ಕೊಂಡ್ರಿ?" ಎಂದರು.

ಆರ್‌ಎಸ್-232ಕ್ಕೆ ಹಳೆಯ ಲೆಕ್ಕದಲ್ಲಿ 15 ಮೀಟರ್ ಮಿತಿ. ಅದಕ್ಕಿಂತ ದೂರವಿದ್ದರೆ ಆರ್‌ಎಸ್-485ಕ್ಕೆ ಬದಲಿಸುವ ಬೆಂಕಿಪೊಟ್ಟಣದಷ್ಟು ದೊಡ್ಡ ಪರಿವರ್ತಕವನ್ನು ಕಂಪ್ಯೂಟರಿನ ಹಿಂದೆ ಸಿಕ್ಕಿಸುತ್ತಾರೆ. ಅದಕ್ಕೆ ಬೇರೆ ಅಡಾಪ್ಟರ್ ಇಲ್ಲ. ಮೇಲೆತ್ತಿದ ಡಿಟಿಆರ್, ಆರ್‌ಟಿಎಸ್ ತಂತಿಗಳ ವೋಲ್ಟೇಜಿನಿಂದಲೇ ಅದು ತನಗೆ ಬೇಕಾದ ಚೂರು ವಿದ್ಯುತ್ತನ್ನು ತೆಗೆದುಕೊಳ್ಳುತ್ತದೆ. ಕೋಡ್‌ನಲ್ಲಿ ಸಂಕೇತವೆಂದು ಬರೆದದ್ದನ್ನು ಅದು ಅನ್ನದಂತೆ ಬಳಸುತ್ತಿದೆ. ಆ ಎರಡು ಸಾಲುಗಳನ್ನು ಉಳಿಸಿದೆ, ಮೇಲೆ ಆ ತಂತ್ರಜ್ಞರ ಮಾತನ್ನೇ ಟಿಪ್ಪಣಿಯಾಗಿ ಬರೆದೆ. ನನ್ನ ನಂತರ ಬರುವವರು ಅದನ್ನು ಓದಲಿ, ಮುಂದೊಂದು ದಿನ ಆ ಡಬ್ಬಿಗಳೆಲ್ಲ ಹೋದಮೇಲೆ ಧೈರ್ಯವಾಗಿ ಅಳಿಸಲಿ.

ಕ್ಲಾಸ್ ಈಗ 340 ಸಾಲಿಗೆ ಬಂದಿದೆ. ಅದರಲ್ಲಿ ಪೋರ್ಟ್ ತೆರೆದ ಮೇಲೆ 200 ಮಿಲಿಸೆಕೆಂಡು ಸುಮ್ಮನೆ ಕಾಯುವ ಒಂದು ಸಾಲು ಮಾತ್ರ ಏಕಿದೆ ಎಂದು ಇನ್ನೂ ಯಾರಿಗೂ ಗೊತ್ತಾಗಿಲ್ಲ. ಅದು ಫ್ಯಾಟ್ ಯಂತ್ರದ ಒಂದು ಹಳೆಯ ಮಾದರಿಗಾಗಿ ಇರಬಹುದೆಂದು ಅದೇ ತಂತ್ರಜ್ಞರು ಹೇಳಿದ್ದಾರೆ. ಆ ಮಾದರಿ ಉಳಿದಿರುವುದು ಎರಡು ಡೇರಿಗಳಲ್ಲಿ, ಎರಡೂ ಕೆ.ಆರ್. ಪೇಟೆಯ ಕಡೆ. ಮುಂದಿನ ಸೋಮವಾರ ಬೆಳಗಿನ ಹಾಲಿನ ಹೊತ್ತಿಗೆ ಅಲ್ಲಿರುತ್ತೇವೆ.